ರಿಲೇ ಟಕ್ ಅಂದರೆ ಸಾಲದು: ಡೀಸೆಲ್ ಗಾಡಿಯ ಹೀಟರ್ ಸರ್ಕ್ಯೂಟ್ ಚೆಕ್ ಮಾಡುವುದು ಹೇಗೆ

ನವೆಂಬರ್ ಕಳೆಯುತ್ತಿದ್ದ ಹಾಗೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಡೀಸೆಲ್ ಗಾಡಿಯವರದ್ದು ಒಂದೇ ದೂರು. ಹಗಲೆಲ್ಲ ಅರ್ಧ ಸೆಲ್ಫಿಗೇ ಸ್ಟಾರ್ಟ್ ಆಗುವ ಪಿಕಪ್ ಬೆಳಗಿನ ಜಾವ ಮಾತ್ರ ಮೊಂಡು ಹಿಡಿಯುತ್ತದೆ. ಹೂವಿನ ಗಾಡಿ, ಹಾಲಿನ ಗಾಡಿ, ತರಕಾರಿ ಮಂಡಿಗೆ ಹೋಗುವ ಗಾಡಿ, ಎಲ್ಲವೂ ಹೊರಡುವುದು ಅದೇ ಹೊತ್ತಿಗೆ ಅಲ್ವಾ. ನಂದಿ ಬೆಟ್ಟದ ಬುಡದಲ್ಲಿ ರಾತ್ರಿಯೆಲ್ಲ ಬಯಲಲ್ಲಿ ನಿಂತ ಗಾಡಿಯ ಇಂಜಿನ್ ಬ್ಲಾಕ್ ಮುಟ್ಟಿದರೆ ಕೈ ಕೊರೆಯುತ್ತದೆ. ಆಗ ಮೊದಲು ಬೈಸಿಕೊಳ್ಳುವುದು ಹೀಟರ್ ರಿಲೇ, ಅಂದರೆ ತಣ್ಣಗಿನ ಇಂಜಿನ್ ಹಿಡಿಯಲಿ ಅಂತ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್‌ಗಳಿಗೆ (ಗ್ಲೋ ಪ್ಲಗ್) ಕರೆಂಟ್ ಬಿಡುವ ಸ್ವಿಚ್ಚು. ‘ರಿಲೇ ಹೋಗಿದೆ, ಹೊಸದು ಹಾಕಿಸಿ’ ಅಂತ ಯಾರೋ ಹೇಳುತ್ತಾರೆ. ದುಡ್ಡು ಕೊಟ್ಟು ಹಾಕಿಸುತ್ತಾರೆ. ಮಾರನೇ ಬೆಳಗ್ಗೆ ಅದೇ ಕಥೆ.

ರಿಲೇ ಹಾಳಾಗುವುದೇ ಇಲ್ಲ ಅಂತ ಹೇಳುತ್ತಿಲ್ಲ. ಹಾಳಾಗುತ್ತದೆ. ಆದರೆ ಬ್ಯಾಟರಿಯಿಂದ ಹೊರಟ ಕರೆಂಟ್ ಹೀಟರ್ ಪ್ಲಗ್ ಮುಟ್ಟುವುದರೊಳಗೆ ಫ್ಯೂಸ್, ಬೋಲ್ಟು, ಲಗ್ (ವೈರಿನ ತುದಿಗೆ ಹಾಕುವ ತೂತಿನ ಲೋಹದ ತುಂಡು), ರಿಲೇ, ವೈರು, ಪಟ್ಟಿ ಎಲ್ಲವನ್ನೂ ದಾಟಬೇಕು. ಎಲ್ಲಿ ನಿಂತಿದೆ ಅಂತ ಮೀಟರ್ ಇಟ್ಟು ನೋಡದೆ ರಿಲೇ ಬದಲಿಸುವುದು ಸುಮ್ನೆ ಜೂಜು.

ಹೀಟರ್ ತೊಂದರೆಯೇ ಹೌದಾ?

ಸೆಲ್ಫ್ ಹೊಡೆಯುವಾಗ ಯಾರನ್ನಾದರೂ ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಹೊಗೆಯೇ ಅರ್ಧ ಉತ್ತರ ಹೇಳುತ್ತದೆ. ಸೆಲ್ಫ್ ಚುರುಕಾಗಿ ತಿರುಗುತ್ತಿದ್ದು, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತಿದ್ದು, ಆದರೂ ಇಂಜಿನ್ ಹಿಡಿಯುತ್ತಿಲ್ಲ ಅಂದರೆ ಡೀಸೆಲ್ ಒಳಗೆ ಬೀಳುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಇಲ್ಲಿ ಹೀಟರ್ ಮೇಲೆ ಅನುಮಾನ ಪಡುವುದು ಸರಿ. ಸ್ಟಾರ್ಟ್ ಆದ ಮೇಲೂ ಒಂದೆರಡು ನಿಮಿಷ ಗಡಗಡ ನಡುಗಿ, ಆಮೇಲೆ ತಾನಾಗಿ ಸರಿಹೋದರೆ ಅನುಮಾನ ಇನ್ನೂ ಗಟ್ಟಿ.

ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಬರುತ್ತಿಲ್ಲ. ರಾತ್ರಿ ಪೈಪಿನಲ್ಲಿ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗಿರಬಹುದು. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೂ ಒತ್ತಿ, ಆಗ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಯಿತು ಅಂದರೆ ಹೀಟರ್ ಕಡೆ ಹೋಗಲೇಬೇಡಿ. ಸೆಲ್ಫ್ ಎಳೆದಾಡಿಕೊಂಡು ತಿರುಗುತ್ತಿದ್ದರೆ ಬ್ಯಾಟರಿ ಅಥವಾ ಅರ್ಥ್ ನೋಡಿ. ಡೀಸೆಲ್ ಹೊತ್ತಿಕೊಳ್ಳುವುದೇ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೆ. ನಿಧಾನ ತಿರುಗಿದರೆ ಆ ಬಿಸಿ ಹುಟ್ಟುವುದಿಲ್ಲ, ಹೀಟರ್ ಎಷ್ಟೇ ಚೆನ್ನಾಗಿದ್ದರೂ ಅಷ್ಟೆ. ಕಂಪ್ರೆಷನ್ ಕಡಿಮೆಯಾದ ಹಳೇ ಇಂಜಿನ್ನೂ ಬಿಳಿ ಹೊಗೆ ಬಿಡುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಇನ್ನೊಂದು. ಕೆಲವು ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಿಗೆ ಹೀಟರ್ ಪ್ಲಗ್ಗೇ ಇರುವುದಿಲ್ಲ. ನಿಮ್ಮ ಗಾಡಿಗೆ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಸುರುಳಿಯಂಥ ಚಿಹ್ನೆ ಬಂದರೆ ಸಾಮಾನ್ಯವಾಗಿ ಇದೆ ಅಂತಲೇ.

ಕರೆಂಟ್ ಹೋಗುವ ದಾರಿ

ಇದು ಒಂದು ಸಲ ತಲೆಗೆ ಹೋದರೆ ಮುಂದಿನದ್ದೆಲ್ಲ ಸಲೀಸು. ಬ್ಯಾಟರಿ ಪ್ಲಸ್‌ನಿಂದ ದಪ್ಪ ವೈರ್ ಹೊರಡುತ್ತದೆ. ದೊಡ್ಡ ಫ್ಯೂಸ್ ಅಥವಾ ಫ್ಯೂಸಿಬಲ್ ಲಿಂಕ್ (ಫ್ಯೂಸಿನ ಕೆಲಸ ಮಾಡುವ ವೈರಿನ ತುಂಡು) ದಾಟಿ ರಿಲೇಯ 30ನೇ ಪಾಯಿಂಟಿಗೆ ಬರುತ್ತದೆ. 87ರಿಂದ ಹೊರಗೆ ಹೋಗಿ ಇಂಜಿನ್ ಹೆಡ್ ಮೇಲಿರುವ ಲೋಹದ ಪಟ್ಟಿಗೆ ಸೇರುತ್ತದೆ. ನಾಲ್ಕು ಪ್ಲಗ್‌ಗಳ ತಲೆಯನ್ನೂ ಆ ಪಟ್ಟಿ ಒಂದಕ್ಕೊಂದು ಸೇರಿಸುತ್ತದೆ. ಪ್ಲಗ್‌ನ ಮೈ ಹೆಡ್‌ಗೆ ತಿರುಚಿಕೊಂಡಿರುವುದರಿಂದ ಅರ್ಥ್ ಅಲ್ಲೇ ಸಿಗುತ್ತದೆ. 85 ಮತ್ತು 86 ರಿಲೇ ಒಳಗಿನ ಕಾಯಿಲ್‌ನ ಎರಡು ತುದಿ. ಇದಕ್ಕೆ ಕರೆಂಟ್ ಬಂದರೆ ಒಳಗಿನ ಕಾಂಟ್ಯಾಕ್ಟನ್ನು ಎಳೆದು 30ನ್ನು 87ಕ್ಕೆ ಸೇರಿಸುತ್ತದೆ. ಒಂದಕ್ಕೆ ಕೀ ಆನ್ ಮಾಡಿದಾಗ ಪ್ಲಸ್, ಇನ್ನೊಂದಕ್ಕೆ ಟೈಮರ್ (ಹೀಟರ್ ಎಷ್ಟು ಹೊತ್ತು ಆನ್ ಇರಬೇಕು ಅಂತ ನೋಡುವ ಬಾಕ್ಸು) ಅಥವಾ ಇಸಿಯುನಿಂದ (ಇಂಜಿನ್ನಿನ ಕಂಪ್ಯೂಟರ್) ಅರ್ಥ್. ಕೆಲವು ಗಾಡಿಗಳಲ್ಲಿ ಇದು ಉಲ್ಟಾ ಇರುತ್ತದೆ. ಭಾರಿ ರಿಲೇಗಳಲ್ಲಿ ಈ ನಂಬರ್‌ಗಳ ಬದಲು ಎರಡು ಬೋಲ್ಟು, ಎರಡು ಸಣ್ಣ ಪಿನ್ನು ಇರುತ್ತವೆ, ಲೆಕ್ಕ ಅದೇ.

ಈಗ ಕರೆಂಟಿನ ಗಾತ್ರ ನೋಡಿ. ಮಾಮೂಲಿ 12 ವೋಲ್ಟಿನ ಒಂದು ಪ್ಲಗ್ ತಣ್ಣಗಿದ್ದಾಗ 15ರಿಂದ 25 ಆಂಪಿಯರ್ ಎಳೆಯುತ್ತದೆ. ಬಿಸಿಯಾದ ಮೇಲೆ ಹತ್ತರ ಹತ್ತಿರಕ್ಕೆ ಇಳಿಯುತ್ತದೆ. ನಾಲ್ಕೂ ಸೇರಿದರೆ ಮೊದಲ ಕೆಲವು ಸೆಕೆಂಡು 60, 80 ಆಂಪಿಯರ್. ಹೆಡ್‌ಲೈಟ್, ಹಾರ್ನ್ ಎಲ್ಲ ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಇಷ್ಟು ಕರೆಂಟ್ ಹೋಗುವ ಕಡೆ ಒಂದು ಓಮ್‌ನ ನೂರರಲ್ಲಿ ಎರಡು ಭಾಗದಷ್ಟು ತಡೆ ಇದ್ದರೂ ಸಾಕು, 60 ಆಂಪಿಯರ್‌ಗೆ 1.2 ವೋಲ್ಟು ಅಲ್ಲೇ ತಿಂದು ಹಾಕುತ್ತದೆ. ಆ ತಡೆಯನ್ನು ಮಾಮೂಲಿ ಮಲ್ಟಿಮೀಟರಿನ ಓಮ್ ರೇಂಜ್ ತೋರಿಸುವುದೇ ಇಲ್ಲ, ‘ಬೀಪ್’ ಅಂತ ಸದ್ದು ಮಾಡಿ ಎಲ್ಲ ಸರಿ ಇದೆ ಅನ್ನುತ್ತದೆ.

ತೋಟಕ್ಕೆ ಡ್ರಿಪ್ ನೀರಾವರಿ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವಾಲ್ವ್ ಮುಚ್ಚಿದ್ದಾಗ ಪ್ರೆಶರ್ ಪೂರ್ತಿ ಇರುತ್ತದೆ, ತೆರೆದು ನೀರು ಓಡಿದಾಗ ತಾನೇ ಫಿಲ್ಟರ್ ಕಟ್ಟಿಕೊಂಡಿದ್ದು ಗೊತ್ತಾಗುವುದು. ಹಾಗಾಗಿ ಹೀಟರ್ ಉರಿಯುತ್ತಿರುವಾಗ, ಲೋಡ್ ಮೇಲೆ ಇರುವಾಗಲೇ ವೋಲ್ಟ್ ಅಳೆಯಬೇಕು. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ.

ಟಕ್ ಸದ್ದನ್ನು ನಂಬಬೇಡಿ ಅನ್ನುವುದೂ ಇದಕ್ಕೇ. ಟಕ್ ಅಂದರೆ ಕಾಯಿಲ್ ಎಳೆಯಿತು ಅಂತ ಅಷ್ಟೆ. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೂ ಸದ್ದು ಬಂದೇ ಬರುತ್ತದೆ. ಡ್ಯಾಶ್‌ಬೋರ್ಡಿನ ಹಳದಿ ಲೈಟೂ ಅಷ್ಟೆ. ಬಹಳ ಗಾಡಿಗಳಲ್ಲಿ ಅದನ್ನು ಟೈಮರ್ ಹಚ್ಚಿ ಆರಿಸುತ್ತದೆ, ಪ್ಲಗ್‌ಗೆ ಕರೆಂಟ್ ಹೋಯಿತೋ ಇಲ್ಲವೋ ಅದಕ್ಕೆ ಗೊತ್ತಿರುವುದಿಲ್ಲ.

ಅಳೆಯುವುದು

ಗಾಡಿ ರಾತ್ರಿಯಿಡೀ ನಿಂತಿರಲಿ. ಇಂಜಿನ್ ಬಿಸಿ ಇದ್ದರೆ ಟೈಮರ್ ಹೀಟರನ್ನೇ ಹಾಕುವುದಿಲ್ಲ, ಅಥವಾ ಒಂದೇ ಸೆಕೆಂಡಿಗೆ ಬಿಟ್ಟುಬಿಡುತ್ತದೆ. ಮಧ್ಯಾಹ್ನ ಗ್ಯಾರೇಜಿಗೆ ಓಡಿಸಿಕೊಂಡು ಬಂದು ‘ಹೀಟರ್ ಚೆಕ್ ಮಾಡಣ್ಣಾ’ ಅಂದರೆ ಪಾಪ ಆತನಾದರೂ ಏನು ಮಾಡುತ್ತಾನೆ?

ಮೊದಲು ಬ್ಯಾಟರಿ. ಕೀ ಆಫ್ ಇದ್ದಾಗ 12.4ಕ್ಕಿಂತ ಮೇಲಿರಲಿ, 12.6 ಇದ್ದರೆ ಪೂರ್ತಿ ಚಾರ್ಜ್ ಇದೆ ಅಂತ. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ ಆಮೇಲೆ ಮುಂದುವರಿಯಿರಿ, ಇಲ್ಲದಿದ್ದರೆ ಎಲ್ಲ ಅಳತೆಯೂ ತಪ್ಪು ದಾರಿ ಹಿಡಿಸುತ್ತದೆ.

ಮೀಟರಿನ ಕೆಂಪು ಕಡ್ಡಿ ಪ್ಲಗ್ ಮೇಲಿನ ಪಟ್ಟಿಗೆ, ಕಪ್ಪು ಕಡ್ಡಿ ಇಂಜಿನ್ ಹೆಡ್‌ಗೆ. ಬಣ್ಣ ಬಳಿದ ಜಾಗ ಬೇಡ, ಹೊಳೆಯುವ ಲೋಹ ಹುಡುಕಿ. ಇನ್ನೊಬ್ಬರಿಗೆ ಕೀ ಆನ್ ಮಾಡಲು ಹೇಳಿ, ಸೆಲ್ಫ್ ಹೊಡೆಯುವುದು ಬೇಡ. ಮೀಟರ್ ಓದಿ. ಅದೇ ಹೊತ್ತಿಗೆ ಬ್ಯಾಟರಿ ಮೇಲೆ ಎಷ್ಟಿದೆ ಅನ್ನುವುದನ್ನೂ ನೋಡಬೇಕು, ಲೋಡ್ ಬಿದ್ದಾಗ ಬ್ಯಾಟರಿಯೂ ಹನ್ನೊಂದೂವರೆ ಹತ್ತಿರಕ್ಕೆ ಕುಸಿಯುತ್ತದೆ. ಬ್ಯಾಟರಿ 11.5 ತೋರಿಸುವಾಗ ಪಟ್ಟಿಯಲ್ಲಿ 11 ಬಂದರೆ ದಾರಿ ಚೆನ್ನಾಗಿದೆ. ಪಟ್ಟಿಯಲ್ಲಿ 9 ಬಂದರೆ ಹೀಟರ್ ‘ಸ್ವಲ್ಪ ಕಡಿಮೆ’ ಕೆಲಸ ಮಾಡುತ್ತಿದೆ ಅಂತ ಬಿಟ್ಟುಬಿಡಬೇಡಿ. ಬಿಸಿ ವೋಲ್ಟಿನ ವರ್ಗದ (ವೋಲ್ಟನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಇಳಿಯುತ್ತದೆ. 11ರ ಜಾಗದಲ್ಲಿ 9 ಬಂದರೆ ಮೂರನೇ ಒಂದು ಭಾಗ ಬಿಸಿಯೇ ಮಾಯ.

ಸೊನ್ನೆ ಬಂದರೆ ರಿಲೇ ಹತ್ತಿರ ಹೋಗಿ. ಒಳಗೆ ಬರುವ ದಪ್ಪ ವೈರಿನಲ್ಲಿ 12 ವೋಲ್ಟ್ ಇದೆಯಾ? ಇಲ್ಲದಿದ್ದರೆ ದೊಡ್ಡ ಫ್ಯೂಸ್ ಸುಟ್ಟಿದೆ, ಅಥವಾ ಅದರ ಬೋಲ್ಟ್ ಸಡಿಲ. ಫ್ಯೂಸ್ ಸುಮ್ಮಸುಮ್ಮನೆ ಸುಡುವುದಿಲ್ಲ. ಹೊಸದು ಹಾಕುವ ಮೊದಲು ಪಟ್ಟಿ ಅಥವಾ ವೈರು ಎಲ್ಲಾದರೂ ಹೆಡ್‌ಗೆ ತಾಗಿದೆಯಾ ನೋಡಿ. ಒಳಗೆ ಬರುವ ಕಡೆ 12 ಇದ್ದು ಹೊರಗೆ ಸೊನ್ನೆ ಇದ್ದರೆ ಕಾಯಿಲ್ ಪಿನ್‌ಗಳಿಗೆ ಬನ್ನಿ. ಕೀ ಆನ್ ಆದ ಕೂಡಲೇ 85 ಮತ್ತು 86ರ ನಡುವೆ 12 ವೋಲ್ಟ್ ಬರಬೇಕು. ಬಂದೂ ರಿಲೇ ಎಳೆಯದಿದ್ದರೆ, ಅಥವಾ ಎಳೆದೂ 87ರಲ್ಲಿ ಏನೂ ಇಲ್ಲದಿದ್ದರೆ ತಪ್ಪು ರಿಲೇಯದ್ದೇ. ಧೈರ್ಯವಾಗಿ ಬದಲಿಸಿ.

ಕಾಯಿಲ್‌ಗೆ 12 ಬರುತ್ತಲೇ ಇಲ್ಲ ಅಂದರೆ ರಿಲೇ ನಿರಪರಾಧಿ. ಕೀಯಿಂದ ಬರುವ ಸಣ್ಣ ಫ್ಯೂಸ್, ಟೈಮರಿನ ಕಪ್ಲರ್, ಟೈಮರ್ ಬಾಕ್ಸಿನ ಅರ್ಥ್, ಕೂಲೆಂಟ್ ಟೆಂಪರೇಚರ್ ಸೆನ್ಸರ್, ಈ ನಾಲ್ಕನ್ನೂ ನೋಡಿ. ಸೆನ್ಸರ್ ‘ಇಂಜಿನ್ ಬಿಸಿ ಇದೆ’ ಅಂತ ಸುಳ್ಳು ಹೇಳಿದರೆ ಟೈಮರ್ ಹೀಟರ್ ಹಾಕುವುದಿಲ್ಲ. ಈ ಸೆನ್ಸರ್‌ಗಳ ತಡೆ ಚಳಿಯಲ್ಲಿ ಜಾಸ್ತಿ, ಬಿಸಿಯಲ್ಲಿ ಕಡಿಮೆ. ತಣ್ಣಗಿರುವ ಇಂಜಿನ್‌ನಲ್ಲಿ ಸಾಮಾನ್ಯವಾಗಿ ಒಂದೆರಡು ಸಾವಿರ ಓಮ್‌ಗೂ ಮೇಲಿರುತ್ತದೆ. ಕೆಲವೇ ನೂರು ಓಮ್ ತೋರಿಸಿದರೆ ಅದನ್ನೇ ಹಿಡಿಯಿರಿ. ಬಾನೆಟ್ ಒಳಗೆ ಇಲಿ ಮಲಗುವುದು ನಮ್ಮ ಕಡೆ ಹೊಸದೇನಲ್ಲ. ಈ ಸಣ್ಣ ವೈರುಗಳೇ ಅದರ ಹಲ್ಲಿಗೆ ಮೊದಲು ಸಿಗುವುದು.

ಇಸಿಯು ಇರುವ ಗಾಡಿಯಲ್ಲಿ ದೊಡ್ಡ ಬಲ್ಬಿನ ಟೆಸ್ಟ್ ಲ್ಯಾಂಪ್ ಹಾಕಿ ಕಂಟ್ರೋಲ್ ವೈರ್ ಚುಚ್ಚಬೇಡಿ. ರಿಲೇ ಉಳಿಸಲು ಹೋಗಿ ಇಸಿಯು ಸುಟ್ಟರೆ ಖರ್ಚು ಎಲ್ಲಿಗೋ ಹೋಗುತ್ತದೆ.

ವೋಲ್ಟ್ ಬರುತ್ತಿದೆ, ಆದರೆ ಕಡಿಮೆ

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ, ಅದಕ್ಕೇ ಒಂದು ಗಾಡಿಯ ಲೆಕ್ಕ ಪೂರ್ತಿ ಹೇಳುತ್ತೇನೆ. ಚಿಂತಾಮಣಿ ಕಡೆಯಿಂದ ಟೊಮ್ಯಾಟೊ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗುತ್ತಿದ್ದ ಪಿಕಪ್. ‘ಅಣ್ಣಾ, ರಿಲೇ ಹೊಸದು, ಪ್ಲಗ್ಗೂ ಹೊಸದು, ಆದ್ರೂ ಬೆಳಗ್ಗೆ ತಳ್ಳಿಸ್ಕೊಂಡೇ ಹೋಗೋದು’ ಅಂದ ಡ್ರೈವರ್. ರಿಲೇ ಚೆನ್ನಾಗಿ ಟಕ್ ಅನ್ನುತ್ತಿತ್ತು. ಪಟ್ಟಿಗೆ ಎಲ್‌ಇಡಿ ಟೆಸ್ಟರ್ ಇಟ್ಟರೆ ಉರಿಯುತ್ತಿತ್ತು. ಮೀಟರ್ ಇಟ್ಟಾಗ ಬ್ಯಾಟರಿ 11.6, ಪಟ್ಟಿ 8.4.

3.2 ವೋಲ್ಟ್ ಎಲ್ಲಿ ಹೋಯಿತು? ಇದನ್ನು ಹುಡುಕಲು ಮೀಟರಿನ ಎರಡೂ ಕಡ್ಡಿಗಳನ್ನು ಒಂದೇ ತುಂಡು ದಾರಿಯ ಎರಡು ತುದಿಗೆ ಇಡಬೇಕು, ಹೀಟರ್ ಆನ್ ಇರುವಾಗಲೇ. ರಿಲೇಯ ಎರಡು ಬೋಲ್ಟುಗಳ ನಡುವೆ 0.1. ಅಂದರೆ ರಿಲೇ ಅಪ್ಪಟ. ಅರ್ಧ ವೋಲ್ಟ್ ದಾಟಿದ್ದರೆ ಮಾತ್ರ ಅದನ್ನು ದೂರಬೇಕಿತ್ತು. ರಿಲೇಯಿಂದ ಪಟ್ಟಿಗೆ 0.2. ಹೆಡ್‌ನಿಂದ ಬ್ಯಾಟರಿ ಮೈನಸ್‌ಗೆ 0.2. ಬ್ಯಾಟರಿ ಪ್ಲಸ್‌ನಿಂದ ರಿಲೇಯ ಒಳಬರುವ ಬೋಲ್ಟಿಗೆ 2.7! ಕಡ್ಡಿಯನ್ನು ಆ ವೈರಿನ ಮೇಲೆ ಹಂತಹಂತವಾಗಿ ಸರಿಸುತ್ತಾ ಬಂದರೆ ಫ್ಯೂಸಿಬಲ್ ಲಿಂಕ್ ಪಕ್ಕದ ಲಗ್‌ನಲ್ಲಿ ಮೀಟರ್ ಒಂದೇ ಸಲ ಹಾರಿತು.

ಹೊರಗಿನಿಂದ ಲಗ್ ಚೆನ್ನಾಗಿಯೇ ಕಾಣುತ್ತಿತ್ತು, ಬೋಲ್ಟೂ ಬಿಗಿ. ಮೇಲಿನ ಕಪ್ಪು ತೋಳು ಮಾತ್ರ ಸ್ವಲ್ಪ ಗರಿಗರಿ ಆಗಿತ್ತು. ಬ್ಲೇಡಿನಿಂದ ಸೀಳಿದಾಗ ಹಸಿರು ಪುಡಿ ಉದುರಿತು. ತಾಮ್ರದ ಎಳೆಗಳು ಕಪ್ಪಾಗಿ, ಲಗ್‌ನ ಬಾಯಿ ಹತ್ತಿರ ಮುಕ್ಕಾಲು ಪಾಲು ತುಂಡಾಗಿದ್ದವು, ಉಳಿದ ನಾಲ್ಕಾರು ಎಳೆಗಳ ಮೇಲೆ ಇಡೀ ಹೀಟರಿನ ಭಾರ. ಡಿಸಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್) ಆ ವೈರಿನಲ್ಲಿ 45 ಆಂಪಿಯರ್ ತೋರಿಸುತ್ತಿತ್ತು. 2.7 ವೋಲ್ಟಿಗೆ ಗುಣಿಸಿ ನೋಡಿ, ಪ್ಲಗ್‌ಗೆ ಹೋಗಬೇಕಾದ ನೂರಿಪ್ಪತ್ತು ವ್ಯಾಟ್ ಆ ಜಾಯಿಂಟನ್ನು ಕಾಯಿಸುತ್ತಿತ್ತು. ಟೊಮ್ಯಾಟೊ ಲೋಡ್ ಇಳಿಸಿ ಗಾಡಿ ತೊಳೆಯುವಾಗ ಬಾನೆಟ್ ಎತ್ತಿ ಪ್ರೆಶರ್ ನೀರು ಹೊಡೆಯುವ ಅಭ್ಯಾಸ ಇರುವ ಕಡೆ ಇದು ಆಗುವುದು ಸಹಜ.

ವೈರನ್ನು ಹಿಂದಕ್ಕೆ ಕತ್ತರಿಸಿ, ಹೊಳೆಯುವ ತಾಮ್ರ ಸಿಕ್ಕ ಕಡೆ ಹೊಸ ತಾಮ್ರದ ಲಗ್ ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ ತೋಳು ಹಾಕಿದ್ದಾಯಿತು. ಪಟ್ಟಿಯಲ್ಲಿ 11 ಬಂತು. ಇಂಥ ಜಾಗದಲ್ಲಿ ವೈರ್ ತಿರುಚಿ ಟೇಪ್ ಸುತ್ತುವ ಕೆಲಸ ಮಾತ್ರ ಬೇಡ. ಬರೀ ಬೆಸುಗೆಯೂ ಬೇಡ, ಬಿಸಿಗೆ ಸಡಿಲವಾಗುತ್ತದೆ. ಸರಿಯಾದ ಕ್ರಿಂಪಿಂಗ್ ಪ್ಲೈಯರ್‌ನಿಂದ ಒತ್ತಿಸಿ.

ಮಾಮೂಲಿ ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ ಕಡ್ಡಿ ಹಾಕಿ ಹೀಟರ್ ಕರೆಂಟ್ ಅಳೆಯಲು ಹೋಗಬೇಡಿ, ಮೀಟರಿಗೆ ಅದೇ ಕೊನೆ. ಕ್ಲ್ಯಾಂಪ್ ಮೀಟರ್ ಕೊಳ್ಳುವಾಗಲೂ ಡಿಸಿ ಅಳೆಯುತ್ತದಾ ಅಂತ ಕೇಳಿ. ಕಡಿಮೆ ಬೆಲೆಯವು ಬಹಳಷ್ಟು ಮನೆಯ ಎಸಿ ಕರೆಂಟಿಗೆ ಮಾತ್ರ.

ವೋಲ್ಟ್ ಪೂರ್ತಿ ಇದೆ, ಆದರೂ ಸ್ಟಾರ್ಟ್ ಇಲ್ಲ

ಹಾಗಾದರೆ ಪ್ಲಗ್‌ಗಳು. ಪಟ್ಟಿ ಬಿಚ್ಚಿ ಪಕ್ಕಕ್ಕಿಡಿ. ಪಟ್ಟಿ ಇದ್ದಾಗ ನಾಲ್ಕೂ ಒಂದೇ ಆಗಿರುವುದರಿಂದ ಸತ್ತಿದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಬ್ಯಾಟರಿ ಪ್ಲಸ್‌ನಿಂದ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಮೂಲಕ ಒಂದೊಂದು ಪ್ಲಗ್‌ನ ತಲೆಗೆ ಮುಟ್ಟಿಸಿ. ಬಲ್ಬ್ ಉರಿದರೆ ಪ್ಲಗ್ ಒಳಗೆ ತಂತಿ ಇದೆ. ಉರಿಯದಿದ್ದರೆ ಸತ್ತಿದೆ. ಮೀಟರಿನಲ್ಲಿ ನೋಡುವುದಾದರೆ ಸುಮಾರು ಅರ್ಧದಿಂದ ಒಂದೂವರೆ ಓಮ್ ಇರಬೇಕು, ಮೀಟರ್ ಕಡ್ಡಿಗಳದ್ದೇ ತಡೆಯನ್ನು ಅದರಲ್ಲಿ ಕಳೆಯಲು ಮರೆಯಬೇಡಿ. ನಾಲ್ಕರಲ್ಲಿ ಒಂದು ಸತ್ತರೆ ಗಾಡಿ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತು ಮಿಸ್ ಹೊಡೆಯುತ್ತದೆ. ಎರಡು ಸತ್ತಾಗಲೇ ಜನ ಗ್ಯಾರೇಜಿಗೆ ಬರುವುದು.

ಬಿಚ್ಚುವುದಾದರೆ ಇಂಜಿನ್ ಬಿಸಿ ಇರುವಾಗ, ನಿಧಾನ. ಹಟ ಮಾಡಿ ಎಳೆದರೆ ಪ್ಲಗ್ ಹೆಡ್‌ನಲ್ಲೇ ಮುರಿಯುತ್ತದೆ. ಆಮೇಲೆ ಹೆಡ್ ಇಳಿಸುವ ಮಾತು.

ಪ್ಲಗ್‌ಗೆ ನೇರ ಬ್ಯಾಟರಿ ಕೊಟ್ಟು ಕೆಂಪಾಗುತ್ತದಾ ಅಂತ ನೋಡುವವರು ಅದರ ಮೈಮೇಲೆ ಬರೆದ ವೋಲ್ಟ್ ಓದಿ. ಹೊಸ ಕಾಮನ್ ರೈಲ್ ಇಂಜಿನ್‌ಗಳ ಕೆಲವು ಪ್ಲಗ್‌ಗಳು ಐದಾರು ವೋಲ್ಟಿನವು. 12 ಕೊಟ್ಟರೆ ಕಣ್ಣೆದುರೇ ಸುಟ್ಟುಹೋಗುತ್ತವೆ. ಅಂಥ ಗಾಡಿಯಲ್ಲಿ ರಿಲೇ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ, ಇಸಿಯುನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸುವುದೇ ವಾಸಿ. ಪಿ0380 ಬಂದರೆ ಹೀಟರ್ ಸರ್ಕ್ಯೂಟ್, ಪಿ0670 ಬಂದರೆ ಕಂಟ್ರೋಲ್ ಮಾಡ್ಯೂಲಿನ ಸರ್ಕ್ಯೂಟ್, ಪಿ0671ರಿಂದ ಪಿ0674 ಅಂದರೆ ಒಂದರಿಂದ ನಾಲ್ಕನೇ ಸಿಲಿಂಡರಿನ ಪ್ಲಗ್.

ಅಂಟಿಕೊಂಡ ರಿಲೇ, ಮತ್ತೆ ನಮ್ಮ ಬಟನ್ ಪದ್ಧತಿ

ರಿಲೇ ಎಳೆಯದೇ ಇರುವುದಕ್ಕಿಂತ ಬಿಡದೇ ಇರುವುದು ಅಪಾಯ. ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡರೆ ಹೀಟರ್ ಸದಾ ಆನ್. ಪ್ಲಗ್‌ಗಳು ಬೇಗ ಬೇಗ ಸುಡುತ್ತವೆ, ತುದಿ ಊದಿಕೊಂಡು ಹೊರಗೆ ಬರುವುದಿಲ್ಲ, ಬ್ಯಾಟರಿ ರಾತ್ರೋರಾತ್ರಿ ಖಾಲಿ. ಸ್ಟಾರ್ಟ್ ಆದ ಮೇಲೂ ಕೆಲವು ಗಾಡಿಗಳಲ್ಲಿ ಹೀಟರ್ ಒಂದಷ್ಟು ಹೊತ್ತು ಆನ್ ಇರುವುದು ಸಹಜ, ಅದಕ್ಕೆ ಗಾಬರಿ ಬೇಡ. ಕೀ ತೆಗೆದ ಮೇಲೆ ಪಟ್ಟಿ ಅಳೆಯಿರಿ. ಆಗಲೂ 12 ಇದ್ದರೆ ಕೂಡಲೇ ಬ್ಯಾಟರಿ ಟರ್ಮಿನಲ್ ಬಿಚ್ಚಿ.

ಟೈಮರ್ ಹೋದ ಹಳೇ ಗಾಡಿಗೆ ಡ್ಯಾಶ್‌ಬೋರ್ಡ್ ಕೆಳಗೆ ಬಟನ್ ಇಟ್ಟು ಹೀಟರ್ ‘ಡೈರೆಕ್ಟ್’ ಕೊಡುವುದು ಎಲ್ಲ ಕಡೆ ಇದೆ. ನಾನು ಬೇಡ ಅಂದರೂ ಜನ ಬಿಡುವುದಿಲ್ಲ. ಮಾಡುವುದಾದರೆ ಬಟನ್‌ನಿಂದ ರಿಲೇ ಕಾಯಿಲ್ ಮಾತ್ರ ಎಳೆಸಿ, ಪ್ಲಗ್ ಕರೆಂಟನ್ನು ಬಟನ್ ಮೂಲಕ ಹಾಯಿಸಬೇಡಿ. ದೊಡ್ಡ ಫ್ಯೂಸ್ ತೆಗೆಯಬೇಡಿ. ಹಾರ್ನಿನ 30 ಆಂಪಿಯರ್ ರಿಲೇ ಈ ಕೆಲಸಕ್ಕೆ ಅಲ್ಲವೇ ಅಲ್ಲ, ಅಂಗಡಿಯವರು ‘ನಡೀತದೆ’ ಅಂದರೂ ತಗೊಳ್ಳಬೇಡಿ. ಹಳೇ ರಿಲೇ ಜೊತೆಗೇ ಒಯ್ದು ಅದರ ಮೇಲಿನ ಆಂಪಿಯರ್, ಪಿನ್ ಜೋಡಣೆ ಎರಡೂ ತಾಳೆ ನೋಡಿ ತನ್ನಿ. ಬಟನ್ ಒತ್ತುವುದು ಎಂಟು ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ.

ಇದರ ಜೊತೆಗೆ ಇನ್ನೊಂದು ಕೆಟ್ಟ ಚಾಳಿ, ಏರ್ ಫಿಲ್ಟರ್ ಪೈಪಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು. ಒಳಗೆ ಹೀಟರ್ ಕೆಂಪಾಗಿದ್ದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸ್ಪ್ರೇ ಹೊತ್ತಿಕೊಂಡು ರಿಂಗ್, ಪಿಸ್ಟನ್ ಎರಡನ್ನೂ ಮುರಿಯಬಲ್ಲದು.

ಕೆಲಸ ಮುಗಿದ ಮೇಲೆ ಲಗ್‌ಗಳಿಗೆ ತೆಳ್ಳಗೆ ವ್ಯಾಸಲಿನ್ ಸವರಿ. ಆಮೇಲೆ ತಣ್ಣಗಿರುವ ಇಂಜಿನ್‌ಗೆ ಕೀ ಆನ್ ಮಾಡಿ, ಪಟ್ಟಿಯ ವೋಲ್ಟ್, ಬ್ಯಾಟರಿಯ ವೋಲ್ಟ್, ಸಿಕ್ಕರೆ ಕ್ಲ್ಯಾಂಪಿನ ಆಂಪಿಯರ್, ಮೂರನ್ನೂ ಬಾನೆಟ್ ಒಳಮೈಯಲ್ಲಿ ಮಾರ್ಕರ್‌ನಿಂದ ಬರೆದಿಡಿ. ಮುಂದಿನ ಚಳಿಗಾಲಕ್ಕೆ ಇನ್ನೊಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿದರೂ ಅವರಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ.